ಬಯೋಡೇಟಾದಲ್ಲಿ ಬರೆಯದೆ ಬಿಟ್ಟ ಭಾಷೆ

ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯ ಫ್ರಂಟ್ ಆಫೀಸಿನಲ್ಲಿ ನನಗೆ 11 ವರ್ಷ ಆಯಿತು. ಹೊಸಬರನ್ನು ತೆಗೆದುಕೊಳ್ಳುವಾಗ ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ನನ್ನನ್ನೂ ಕೂರಿಸುತ್ತಾರೆ. ಆದರೆ ಇಂಟರ್‌ವ್ಯೂ ಅಂದ ಕೂಡಲೇ ನನಗೆ ಈಗಲೂ ನೆನಪಾಗುವುದು ನಾನು ಸಿಗಬಹುದಾಗಿದ್ದ ಕೆಲಸವನ್ನು ಕಳೆದುಕೊಂಡು ಬಂದ ದಿನ.

ಬಿ.ಕಾಂ. ಮುಗಿದ ವರ್ಷ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಉಂಟು ಅಂತ ತಿಳಿದು ಕುಂಬಳೆಯಿಂದ ಬೆಳಗಿನ ರೈಲು ಹತ್ತಿದ್ದೆ. ಹಿಂದಿನ ರಾತ್ರಿಯೆಲ್ಲ 'ನಿಮ್ಮ ಬಗ್ಗೆ ಹೇಳಿ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ ಮಾಡಿದ್ದೆ. ಅದನ್ನು ತಪ್ಪಿಲ್ಲದೆ ಹೇಳಿಯೂ ಬಿಟ್ಟೆ. ಆಮೇಲೆ ಅಲ್ಲಿದ್ದ ಮೇಡಂ ಕೇಳಿದರು, "ಕಾಸರಗೋಡಿನವರಲ್ವಾ, ಮಲಯಾಳಂ ಬರ್ತದಾ?"

"ಇಲ್ಲ ಮೇಡಂ, ನಾನು ಕನ್ನಡ ಮೀಡಿಯಂ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಶಾಲೆಯಲ್ಲಿ ಕಲಿಯದ ಭಾಷೆ ಬರುತ್ತದೆ ಅಂತ ಹೇಳಬಾರದು ಎಂದೇ ನಾನು ತಿಳಿದಿದ್ದೆ. ಪಕ್ಕದ ಮನೆಯವರ ಜೊತೆ, ಬಸ್ಸಿನಲ್ಲಿ, ಮೀನಿನ ಮಾರ್ಕೆಟಿನಲ್ಲಿ ಚಿಕ್ಕಂದಿನಿಂದ ಮಲಯಾಳಂ ಮಾತಾಡಿದವಳು ನಾನು. ಓದಲು ಮಾತ್ರ ಬರುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದೋ, ಕಾಸರಗೋಡು ಕಡೆಯಿಂದ ಬರುವ ರೋಗಿಗಳ ಜೊತೆ ಮಾತಾಡುವವರು! ಇದು ನನಗೆ ಗೊತ್ತಾದದ್ದು ಕೆಲಸ ಸಿಕ್ಕಿದ ಹುಡುಗಿ ಹೇಳಿದ ಮೇಲೆ.

ಈಗ ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತು ಅದೇ ತಪ್ಪನ್ನು ವಾರ ವಾರ ನೋಡುತ್ತೇನೆ. ನಮ್ಮೂರನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೊಗಳುವವರಿಗೆ ಕಡಿಮೆ ಇಲ್ಲ. ಬಯೋಡೇಟಾ ತೆರೆದರೆ ಮಾತ್ರ ಎರಡೇ ಭಾಷೆ, ಕನ್ನಡ ಮತ್ತು ಇಂಗ್ಲಿಷ್. ನಮ್ಮ ಕೌಂಟರಿಗೆ ಬದಿಯಡ್ಕ ಕಡೆಯ ಅಜ್ಜ ಬಂದು "ಎಂತ ಮಾಡೆಕ್ಕು?" ಎಂದು ಹವ್ಯಕದಲ್ಲಿ ಕೇಳುತ್ತಾರೆ. ಮಂಜೇಶ್ವರದವರು ತುಳುವಿನಲ್ಲಿ, ಉಪ್ಪಳದ ಕೆಲವರು ಉರ್ದುವಿನಲ್ಲಿ ಶುರು ಮಾಡುತ್ತಾರೆ. ಲ್ಯಾಬ್ ಎಲ್ಲಿ ಎಂದು ಮಲಯಾಳಂನಲ್ಲಿ ಕೇಳುವ "ಲ್ಯಾಬ್ ಎವಿಡೆಯಾ?" ಅಂತೂ ದಿನಕ್ಕೆ ನೂರು ಸಲ. ನೋವಿನಲ್ಲಿರುವವರು ತಮ್ಮ ಮನೆಮಾತಿಗೇ ಬರುತ್ತಾರೆ. ಹಾಗಾಗಿ ಭಾಷೆಯ ಮುಂದೆ ಮಾತು, ಓದು, ಬರಹ ಎಂದು ಮೂರನ್ನೂ ಬೇರೆ ಬೇರೆ ಬರೆಯಿರಿ. 'ಮಲಯಾಳಂ ಮಾತಾಡುತ್ತೇನೆ, ಓದಲು ಕಲಿಯುತ್ತಿದ್ದೇನೆ' ಅಂದರೆ ಯಾರೂ ನಗುವುದಿಲ್ಲ. ಸರ್ಕಾರಿ ಕೆಲಸದ ಕಡೆ ನೋಡಿದರೂ, ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲವರಿಗೆಂದೇ ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ನಮ್ಮ ಜಿಲ್ಲೆಯಲ್ಲಿ ಹುದ್ದೆ ಕರೆಯುವುದುಂಟು.

ಇನ್ನೊಂದು, 'ಅನುಭವ ಇಲ್ಲ' ಎಂಬ ಮಾತು. ಒಬ್ಬ ಹುಡುಗಿ ಬಂದಿದ್ದಳು. ಪ್ರತಿ ಪ್ರಶ್ನೆಗೂ ಅದನ್ನೇ ಹೇಳುತ್ತಿದ್ದಳು. ಮ್ಯಾನೇಜರ್ ಫೈಲ್ ಮುಚ್ಚುವುದರಲ್ಲಿದ್ದರು. ನಾನು ಸುಮ್ನೆ ಕೇಳಿದೆ, "2020ರಲ್ಲಿ ಕೊರೋನಾ ಅಂತ ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಮುಚ್ಚಿದ್ದಾಗ ಮನೆಯಲ್ಲಿ ಕಷ್ಟ ಆಯಿತಾ?"

ಆಗ ಬಾಯಿ ಬಿಟ್ಟಳು. ಅವಳ ಅಜ್ಜಿಯ ಚಿಕಿತ್ಸೆ ಮಂಗಳೂರಿನಲ್ಲಿ. ಮದ್ದು ಮುಗಿಯುತ್ತಾ ಬಂದಿತ್ತು. ಹೋಗುವ ಹಾಗಿಲ್ಲ. ಇವಳು ಚೀಟಿಯ ಫೋಟೋ ತೆಗೆದು ಊರಿನ ನಾಲ್ಕು ಮೆಡಿಕಲ್ ಶಾಪಿಗೆ ವಾಟ್ಸಾಪ್ ಮಾಡಿದಳು. ಒಂದು ಕಡೆ ಅದೇ ಮದ್ದು ಬೇರೆ ಕಂಪನಿಯದ್ದು ಇತ್ತು. ಕೊಡಬಹುದಾ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅವರು ಹೂಂ ಅಂದ ಮೇಲೆಯೇ ತರಿಸಿದಳು. ಎಷ್ಟು ಹೊತ್ತಿಗೆ ಎಷ್ಟು ಮಾತ್ರೆ ಎಂದು ಅಜ್ಜಿಗೆ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳಂತೆ.

ನಮ್ಮ ಕೆಲಸ ಎಂದರೆ ಇದೇ ಅಲ್ವಾ? ಕೇಳುವುದು, ಹುಡುಕುವುದು, ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳಿಯೇ ಮುಂದೆ ಹೋಗುವುದು. ಅವಳಿಗೆ ಕೆಲಸ ಸಿಕ್ಕಿತು. ಆದರೆ ಎಲ್ಲ ಇಂಟರ್‌ವ್ಯೂನಲ್ಲೂ ಹೀಗೆ ಕೆದಕಿ ಕೇಳುವವರು ಇರುವುದಿಲ್ಲ. ನೀವೇ ಹಿಂದಿನ ದಿನ ಕೂತು ಇಂಥ ಎರಡು ಮೂರು ಸಂಗತಿ ನೆನಪು ಮಾಡಿಕೊಳ್ಳಿ. ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಮನೆಯದ್ದಾದರೂ ಸರಿ, ಕ್ಲಬ್ಬಿನ ಕಾರ್ಯಕ್ರಮದ್ದಾದರೂ ಸರಿ. ವಿಡಿಯೋ ನೋಡಿ ಕಲಿತ ಉತ್ತರ ನಮಗೆ ಕೂಡಲೇ ಗೊತ್ತಾಗುತ್ತದೆ, ಯಾಕೆಂದರೆ ಆ ದಿನ ಅದನ್ನೇ ಹೇಳಿದ ನಾಲ್ಕನೆಯವರು ನೀವಾಗಿರುತ್ತೀರಿ. ಇಂಗ್ಲಿಷ್ ನಡುವಿನಲ್ಲಿ ಕೈಕೊಟ್ಟರೆ "ಕನ್ನಡದಲ್ಲಿ ಹೇಳಬಹುದಾ?" ಎಂದು ಕೇಳಿ. ನಾನಂತೂ ಬೇಡ ಅಂದದ್ದಿಲ್ಲ.

ಸಾಧ್ಯ ಇದ್ದರೆ ಮೊದಲೇ ಒಮ್ಮೆ ಹೋಗಿ ಜಾಗ ನೋಡಿ ಬನ್ನಿ. ಒಬ್ಬ ಹುಡುಗ ಹಿಂದಿನ ದಿನ ಒಂದು ಗಂಟೆ ನಮ್ಮ ಒಪಿ (ಹೊರರೋಗಿಗಳ) ಹಾಲಿನಲ್ಲಿ ಕೂತು ಹೋಗಿದ್ದ. "ಬಿಲ್ಲಿನ ಕ್ಯೂನಲ್ಲಿ ಅರ್ಧ ಗಂಟೆ ನಿಂತವರನ್ನು ಇನ್ಶೂರೆನ್ಸ್ ಆದರೆ ಆ ಕಿಟಕಿಗೆ ಹೋಗಿ ಅಂತ ಕಳಿಸ್ತಾರೆ, ಒಂದು ಬೋರ್ಡು ಹಾಕಬಹುದಿತ್ತು" ಎಂದ. ಮ್ಯಾನೇಜರಿಗೆ ಸ್ವಲ್ಪ ಇರಿಸುಮುರಿಸಾಯಿತು. ಬೋರ್ಡು ಬಂತು, ಹುಡುಗನೂ ಬಂದ.

ದಾಖಲೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಡಿಗ್ರಿಯಲ್ಲಿ ಮನೆ ಹೆಸರು ಪೂರ್ತಿ. ಈ ಗೋಜಲು ನಮ್ಮಲ್ಲಿ ಜಾಸ್ತಿ. ಇಂಟರ್‌ವ್ಯೂ ಕಾರ್ಡು ಬರುವ ಮೊದಲೇ ಹೆಸರುಗಳನ್ನು ಹೋಲಿಸಿ ನೋಡಿ, ವ್ಯತ್ಯಾಸ ಇದ್ದರೆ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ವಿಚಾರಿಸಿ. ಮತ್ತೆ, ಹೆದ್ದಾರಿಯನ್ನು ನಂಬಿ ಗಡಿಬಿಡಿಯಲ್ಲಿ ಹೊರಡಬೇಡಿ. ಒಂದು ಬಸ್ ಮುಂಚೆಯೇ ಹತ್ತಿ.

ಸಂಬಳ ಎಷ್ಟು ಬೇಕು ಎಂದು ಕೇಳಿದಾಗ "ನೀವು ಕೊಟ್ಟಷ್ಟು" ಅನ್ನುವವರನ್ನು ಕಂಡರೆ ನನಗೆ ಸಂಕಟ. ಅದೇ ಕೆಲಸಕ್ಕೆ ಬೇರೆ ಕಡೆ ಎಷ್ಟಿದೆ ಎಂದು ಕೇಳಿಕೊಂಡು ಬಂದು ಒಂದು ಅಂಕಿ ಹೇಳಿ.

ಮೊನ್ನೆ ಒಬ್ಬ ಬಯೋಡೇಟಾ ಕೊಡಲು ಬಂದ. ಪೈವಳಿಕೆಯ ಹುಡುಗ. ಭಾಷೆಯ ಸಾಲಿನಲ್ಲಿ ಮತ್ತೆ ಅವೇ ಎರಡು. "ತುಳು ಬರ್ಪುಂಡಾ?" ಎಂದು ಕೇಳಿದೆ.

"ಬರ್ಪುಂಡು" ಎಂದ. "ಅದನ್ನೂ ಬರೀಬೇಕಾ ಅಕ್ಕಾ?"

ಪೆನ್ನು ಕೊಟ್ಟೆ. ಕೌಂಟರಿಗೆ ಒರಗಿ ನಿಂತು ತುಳು ಬರೆದ, ಮಲಯಾಳಂ ಬರೆದ. ಸ್ವಲ್ಪ ಯೋಚಿಸಿ ಬ್ಯಾರಿ ಭಾಷೆಯನ್ನೂ ಬರೆದ. ಸಾಲಿನಲ್ಲಿ ಜಾಗ ಸಾಕಾಗಲಿಲ್ಲ.