ಹೆಸರಾಗುವ ಮೊದಲು ಕೊಂಡ ಕ್ಯೂಗಳು

ಬಿಲಿಯರ್ಡ್ಸ್ ಬಗೆಯ ಪೂಲ್ ಆಟದಲ್ಲಿ ಚೆಂಡಿಗೆ ಹೊಡೆಯುವ ಕೋಲುಗಳನ್ನು, ಅಂದರೆ ಕ್ಯೂಗಳನ್ನು, ಹೂಡಿಕೆಯ ಲೆಕ್ಕದಲ್ಲಿ ಕೊಳ್ಳತೊಡಗಿ ಹದಿಮೂರು ವರ್ಷಗಳಾದವು. ಈ ಅವಧಿಯಲ್ಲಿ ನನ್ನ ಕೈಗೆ ಬಂದ ಹತ್ತೊಂಬತ್ತು ಕ್ಯೂಗಳ ಪೈಕಿ ಹದಿನಾಲ್ಕು, ಕೊಂಡ ಹೊತ್ತಿನಲ್ಲಿ ಇನ್ನೂ ಹೆಸರಾಗದಿದ್ದ ತಯಾರಕರವು. ಅಂದರೆ ಕೆಲಸ ಆರಂಭಿಸಿ ನಾಲ್ಕೈದು ವರ್ಷ ಕಳೆದಿದ್ದ, ಒಂದೆರಡು ಲೇತ್ ಯಂತ್ರಗಳನ್ನು ಇಟ್ಟುಕೊಂಡು ಒಬ್ಬರೇ ದುಡಿಯುತ್ತಿದ್ದವರವು. ಆ ಹದಿನಾಲ್ಕರಲ್ಲಿ ನಾಲ್ಕಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚಿನ ಬೆಲೆ ಬಂದಿದೆ, ಐದು ಅಸಲಿನ ಆಸುಪಾಸಿನಲ್ಲಿ ನಿಂತಿವೆ, ಉಳಿದ ಐದನ್ನು ಕೇಳುವವರಿಲ್ಲ. ಹೆಮ್ಮೆಪಡುವಂಥ ಲೆಕ್ಕ ಇದೇನೂ ಅಲ್ಲ. ಆದರೆ ಗೆದ್ದವನ್ನೂ ಸೋತವನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಗೆದ್ದ ನಾಲ್ಕೂ ಸಾದಾ ಕ್ಯೂಗಳು, ಸೋತವುಗಳಲ್ಲಿ ನಾಲ್ಕು ಕುಸುರಿ ತುಂಬಿದವು.

ಸೋತವುಗಳಲ್ಲಿ ಮೊದಲನೆಯದು ಈಗಲೂ ನನ್ನಲ್ಲಿದೆ. ಬರ್ಡ್ಸ್‌ಐ ಮೇಪಲ್ ಮರದ ಬಟ್ (ಕ್ಯೂವಿನ ಹಿಂದಿನ ದಪ್ಪ ಅರ್ಧ), ಅದರಲ್ಲಿ ಎಬೊನಿ ಎಂಬ ಕಪ್ಪು ಮರದ ಎಂಟು ಪಾಯಿಂಟುಗಳು, ಅಂದರೆ ಚೂಪು ತುದಿಯ ಪಟ್ಟಿಗಳು, ಪ್ರತಿ ಪಾಯಿಂಟಿನ ಅಂಚಿಗೂ ನಾಲ್ಕು ಬಣ್ಣದ ವೆನೀರ್ (ತೆಳು ಮರದ ಹಾಳೆ) ಗೆರೆಗಳು, ನಡುನಡುವೆ ಕೊರೆದು ಕೂರಿಸಿದ ಬೆಳ್ಳಿ ಮತ್ತು ಮುತ್ತಿನ ಚಿಪ್ಪಿನ ಇನ್‌ಲೇ. ಅದನ್ನು ಮಾಡಿದವರಿಗೆ ಅದು ಮೂವತ್ತನೆಯ ಕ್ಯೂ ಕೂಡ ಆಗಿರಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಬಟ್ಟೆಯಿಂದ ಒರೆಸುತ್ತಿದ್ದಾಗ ಪಾಯಿಂಟಿನ ಅಂಚಿನಲ್ಲಿ ಬೆರಳಿಗೆ ಸಣ್ಣದೊಂದು ಏಣು ತಗಲಿತು. ಬೆಳಕಿಗೆ ಹಿಡಿದು ನೋಡಿದರೆ, ಹೊಳಪಿನ ಲೇಪದ ಕೆಳಗೆ ಕಪ್ಪು ಮರವೂ ಬಿಳಿ ಮರವೂ ಬೇರೆ ಬೇರೆ ಮಟ್ಟದಲ್ಲಿ ನಿಂತಿದ್ದವು. ಎಬೊನಿಯೂ ಮೇಪಲ್ಲೂ ತೇವಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ, ಎರಡೂ ಚೆನ್ನಾಗಿ ಹದಗೊಂಡ ಮೇಲೆಯೇ ಅಂಟಿಸಬೇಕು. ಇಲ್ಲಿ ಆ ಕಾಯುವ ಕೆಲಸ ನಡೆದಿರಲಿಲ್ಲ. ತಯಾರಕರಿಗೆ ಪತ್ರ ಬರೆದಾಗ ಅವರು ಲೇತನ್ನು ಮಾರಿ ಬೇರೆ ಉದ್ಯೋಗಕ್ಕೆ ಹೋಗಿದ್ದರು. ಇನ್ನೊಬ್ಬರ ಕೆಲಸವನ್ನು ಬಿಚ್ಚಿ ಸರಿಪಡಿಸಲು ಒಳ್ಳೆಯ ತಯಾರಕರು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದರೂ ಸಂಗ್ರಾಹಕರ ಕಣ್ಣಿನಲ್ಲಿ ಅದು ಮೂಲ ಕ್ಯೂ ಆಗಿ ಉಳಿಯುವುದಿಲ್ಲ.

ಈ ಪೇಟೆಯ ಇತಿಹಾಸವನ್ನು ಮೊದಲೇ ಸರಿಯಾಗಿ ಓದಿಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು. ಸಂಗ್ರಾಹಕರು ಇಂದಿಗೂ ಮೊದಲು ಎತ್ತುವ ಹೆಸರು ಜಾರ್ಜ್ ಬಲಬುಷ್ಕಾ ಅವರದು. ರಷ್ಯಾದಲ್ಲಿ 1912ರಲ್ಲಿ ಹುಟ್ಟಿ, 1924ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದು, ಮರಗೆಲಸ ಮಾಡಿಕೊಂಡಿದ್ದ ಅವರು ಕ್ಯೂ ತಯಾರಿಕೆಗೆ ಇಳಿದದ್ದು 1959ರಲ್ಲಿ, ತೀರಿಕೊಂಡದ್ದು 1975ರಲ್ಲಿ. ಅವರ ಆರಂಭದ ಕ್ಯೂಗಳಿಗೆ ಮೂಲವಾದದ್ದು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಕ್ಯೂ. ಪಾಯಿಂಟುಗಳು ಮೊದಲೇ ಕೂಡಿದ್ದ ಆ ಕೋಲನ್ನು ಕತ್ತರಿಸಿ, ಮತ್ತೆ ತಿರುವಿ, ಎರಡು ಭಾಗಗಳನ್ನು ಜೋಡಿಸುವ ತಮ್ಮ ಜಾಯಿಂಟ್ ಹಾಕಿ, ಹಿಡಿಕೆಗೆ ಐರಿಷ್ ಲಿನನ್ ದಾರ ಸುತ್ತಿ ಅವರು ಕೊಡುತ್ತಿದ್ದರು. ಅನಂತರ ಬರ್ಟನ್ ಸ್ಪೇನ್ ಮತ್ತು ಗಸ್ ಜಾಂಬೋಟಿ ಎಂಬ ತಯಾರಕರು ಮಾಡಿಕೊಟ್ಟ ಬ್ಲ್ಯಾಂಕುಗಳನ್ನು, ಅಂದರೆ ಪಾಯಿಂಟು ಕೂಡಿಸಿಟ್ಟ ಕಚ್ಚಾ ಕೋಲುಗಳನ್ನು, ಬಳಸಿದರು. ಎಂದರೆ, ಇವತ್ತು ನಾವು ಕಣ್ಣರಳಿಸಿ ನೋಡುವ ಪಾಯಿಂಟುಗಳಲ್ಲಿ ಎಷ್ಟೋ ಅವರ ಕೈಯವೇ ಅಲ್ಲ. ಆ ಕಾಲದ ದೊಡ್ಡ ಆಟಗಾರರು ಅವರಲ್ಲಿಗೆ ಹೋಗುತ್ತಿದ್ದುದು ಚೆಂಡಿಗೆ ಹೊಡೆದಾಗ ಕೈಗೆ ಬರುತ್ತಿದ್ದ ಅನುಭವಕ್ಕಾಗಿ. ಬೆಲೆ ಹುಟ್ಟಿದ್ದು ಆಟಗಾರರ ಆ ನಂಬಿಕೆಯಿಂದ, ಅದನ್ನು ಏರಿಸಿದವರು ಬಳಿಕ ಬಂದ ಸಂಗ್ರಾಹಕರು. ಜೆರ್ರಿ ಫ್ರಾಂಕ್ಲಿನ್ 1982ರಲ್ಲಿ ಆರಂಭಿಸಿದ ಸೌತ್‌ವೆಸ್ಟ್ ಕ್ಯೂಗಳ ಕಥೆಯೂ ಇದೇ. ಪಾಯಿಂಟುಗಳು, ವೆನೀರ್ ಗೆರೆಗಳು, ಉಂಗುರಗಳು, ಅದರಾಚೆ ಹೆಚ್ಚಿನ ಅಲಂಕಾರವಿಲ್ಲ. ಆದರೂ 1996ರಲ್ಲಿ ಅವರು ತೀರಿಕೊಂಡ ಮೇಲೂ ಅಲ್ಲಿ ಕ್ಯೂಗಾಗಿ ಕಾಯುವವರ ಸರದಿ ವರ್ಷಗಟ್ಟಲೆ ಉದ್ದವಾಗಿಯೇ ಉಳಿಯಿತು.

ಹೊಸಬರ ಕ್ಯೂ ನೋಡಲು ಹೋದಾಗ ಈಗ ನಾನು ಮೊದಲು ಶಾಫ್ಟುಗಳ, ಅಂದರೆ ಕ್ಯೂವಿನ ಮುಂದಿನ ತೆಳು ಅರ್ಧದ, ಬಗ್ಗೆ ಕೇಳುತ್ತೇನೆ. ಇಪ್ಪತ್ತೊಂಬತ್ತು ಇಂಚು ಉದ್ದದ, ತುದಿಯಲ್ಲಿ ಹದಿಮೂರು ಮಿಲಿಮೀಟರು ದಪ್ಪದ ಆ ಮೇಪಲ್ ಕಡ್ಡಿ ಜೀವಮಾನವಿಡೀ ನೆಟ್ಟಗಿರಬೇಕಾದರೆ, ಅದನ್ನು ಒಂದೇ ಸಲಕ್ಕೆ ತಿರುವಿ ಮುಗಿಸುವಂತಿಲ್ಲ. ಲೇತಿನ ಮೇಲೆ ಸ್ವಲ್ಪವೇ ಕೆರೆದು, ತೂಗುಹಾಕಿ, ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಬಿಟ್ಟು, ಅದು ಬಾಗುವುದಿದ್ದರೆ ಬಾಗಲು ಅವಕಾಶ ಕೊಟ್ಟು, ಮತ್ತೆ ಸ್ವಲ್ಪ ಕೆರೆಯಬೇಕು. ಬಾಗಿದ್ದನ್ನು ಮರುಕವಿಲ್ಲದೆ ಪಕ್ಕಕ್ಕೆಸೆಯಬೇಕು. ಒಬ್ಬ ತಯಾರಕರ ಕೆಲಸದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಶಾಫ್ಟುಗಳು ತೂಗಾಡುತ್ತಿದ್ದವು, ಪ್ರತಿಯೊಂದರ ಬುಡದಲ್ಲಿ ಪೆನ್ಸಿಲಿನಿಂದ ಬರೆದ ತಾರೀಖುಗಳು. ಒಂದರ ಮೇಲೆ ಆರು ತಾರೀಖುಗಳನ್ನು ಎಣಿಸಿದೆ. ಮೂಲೆಯ ಡಬ್ಬದಲ್ಲಿ ತಿರಸ್ಕರಿಸಿದವುಗಳ ದೊಡ್ಡ ಕಟ್ಟೇ ಇತ್ತು. ಅವರಿಂದ ಸಾದಾ ನಾಲ್ಕು ಪಾಯಿಂಟಿನ ಕ್ಯೂ ಕೊಂಡೆ. ನನಗೆ ಅತಿ ಹೆಚ್ಚು ಲಾಭ ತಂದದ್ದು ಅದೇ.

ಉಳಿದ ಪರೀಕ್ಷೆಗಳನ್ನು ಕೈಯೇ ಮಾಡಿಬಿಡುತ್ತದೆ. ಕ್ಯೂವನ್ನು ಜೋಡಿಸಿ ಮೇಜಿನ ಮೇಲೆ ಉರುಳಿಸಿ, ಬಳಿಕ ಬಿಡಿಸಿ ಎರಡು ಭಾಗಗಳನ್ನೂ ಬೇರೆ ಬೇರೆ ಉರುಳಿಸಿದರೆ ಬಾಗು ಎಲ್ಲಿದೆಯೆಂಬುದು ತಿಳಿಯುತ್ತದೆ. ಬಟ್ಟನ್ನು ಬೆರಳುಗಳಲ್ಲಿ ಸಡಿಲವಾಗಿ ಹಿಡಿದು ಅಂಗೈಗೆ ತಟ್ಟಿದಾಗ ಝೇಂಕಾರದಂಥ ಸದ್ದು ಬಂದರೆ ಒಳಗೆಲ್ಲೋ ಅಂಟು ಬಿಟ್ಟಿರಬಹುದು. ಹಿಡಿಕೆಯೂ ಅದರ ಮುಂದಿನ ಭಾಗವೂ ಕೂಡುವ, ಹೊರಗೆ ಕಾಣದ ಸ್ಕ್ರೂ ಇರುವ ಜಾಗದಲ್ಲಿ ಇದು ಹೆಚ್ಚು. ಪಾಯಿಂಟುಗಳ ತುದಿಗಳೆಲ್ಲ ಒಂದೇ ಎತ್ತರಕ್ಕೆ ಬಂದು ನಿಂತಿವೆಯೇ ಎಂಬುದನ್ನು ಕ್ಯೂವನ್ನು ನಿಧಾನವಾಗಿ ತಿರುಗಿಸುತ್ತ ನೋಡಬೇಕು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಬಗ್ಗೆ ನನಗೆ ತಿರಸ್ಕಾರವಿಲ್ಲ, ಆದರೆ ಉರುಟು ಕಟ್ಟರ್ ಕೊರೆದ ಇನ್‌ಲೇಯ ಮೂಲೆ ಉರುಟಾಗಿಯೇ ಇರುತ್ತದೆ. ಅದನ್ನು ಕೈಯಿಂದ ಕೆತ್ತಿ ಚೂಪು ಮಾಡುವಷ್ಟು ವ್ಯವಧಾನ ತಯಾರಕರಿಗೆ ಇತ್ತೇ ಎಂಬುದು ನನ್ನ ಪ್ರಶ್ನೆ. ತೂಕದ ವಿಷಯವೂ ಅಷ್ಟೆ. ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೊಂದು ಔನ್ಸಿನೊಳಗೆ ಇರಬೇಕಾದ ಕ್ಯೂವನ್ನು ಮರದ ಆಯ್ಕೆಯಿಂದಲೇ ಆ ತೂಕಕ್ಕೆ ತಂದಿದ್ದಾರೆಯೇ, ಬುಡದ ರಬ್ಬರ್ ಬಂಪರ್ ಹಿಂದೆ ದಪ್ಪ ಬೋಲ್ಟ್ ತುರುಕಿ ತಂದಿದ್ದಾರೆಯೇ ಎಂದು ನಾನು ನೇರವಾಗಿಯೇ ಕೇಳುತ್ತೇನೆ. ಕೆಲವರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. ಅವರಿಂದ ನಾನು ಕೊಳ್ಳುವುದೂ ಇಲ್ಲ.

ಕ್ಯೂ ಎಷ್ಟೇ ಚೆನ್ನಾಗಿದ್ದರೂ, ಹೊಸಬರ ವಿಷಯದಲ್ಲಿ ನಾವು ಹಣ ಕಟ್ಟುವುದು ಆ ವ್ಯಕ್ತಿ ಇನ್ನೂ ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಇರುತ್ತಾರೆಂಬ ಊಹೆಗೆ. ತಯಾರಕರು ತೀರಿಕೊಂಡರೆ ಬೆಲೆ ಏರುತ್ತದೆಂಬ ಮಾತು ಹೆಸರಾದವರಿಗೆ ಮಾತ್ರ ಒಪ್ಪುತ್ತದೆ. ನಲವತ್ತು ಕ್ಯೂ ಮಾಡಿ ನಿಲ್ಲಿಸಿದವರ ಕ್ಯೂ ಅಪರೂಪದ್ದಾಗುವುದಿಲ್ಲ, ಅನಾಥವಾಗುತ್ತದೆ. ಹಾಗಾಗಿ ಅವರು ತಮ್ಮ ಹಳೆಯ ಕ್ಯೂಗಳ ದುರಸ್ತಿಯನ್ನು ತಾವೇ ಮಾಡುತ್ತಾರೆಯೇ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಸಹಿ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾರೆಯೇ, ಒಪ್ಪಿದ ತಾರೀಖು ತಪ್ಪಿದಾಗ ತಾವಾಗಿಯೇ ತಿಳಿಸುತ್ತಾರೆಯೇ ಎಂಬುದನ್ನು ಈಗ ಗಮನಿಸುತ್ತೇನೆ. ಬಲಬುಷ್ಕಾ ಅವರ ಹೆಸರಿನಲ್ಲಿ ನಕಲಿಗಳು ಹುಟ್ಟಿಕೊಂಡಿರುವುದನ್ನು ಬಲ್ಲವರಿಗೆ ಆ ಪುಸ್ತಕದ ಬೆಲೆ ಗೊತ್ತು.

ಕಾಗದಪತ್ರಗಳು ಬೇಕಾಗುವುದು ಮರಕ್ಕಾಗಿಯೂ ದಂತಕ್ಕಾಗಿಯೂ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ, ನಿಷೇಧಿಸುವ ತೀರ್ಮಾನವಾದದ್ದು 1989ರಲ್ಲಿ. ಅಮೆರಿಕ 2016ರಲ್ಲಿ ತನ್ನ ಒಳಗಿನ ಮಾರಾಟವನ್ನೂ ಬಹುಮಟ್ಟಿಗೆ ಮುಚ್ಚಿತು. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದಲೇ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಅದು ಸೇರಿದ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೂ 2017ರ ಜನವರಿಯ ಹೊತ್ತಿಗೆ ನಿಯಂತ್ರಣಕ್ಕೆ ಒಳಪಟ್ಟವು. ಕ್ಯೂ ತಯಾರಕರ ಅಚ್ಚುಮೆಚ್ಚಿನ ಕೊಕೊಬೊಲೊ ಕೂಡ ಇದೇ ಕುಲದ್ದು. ದಂತದ ಜಾಯಿಂಟ್ ಇರುವ ಹಳೆಯ ಕ್ಯೂ ಮನೆಯಲ್ಲಿ ಎಷ್ಟೇ ಸುಂದರವಾಗಿ ಕಂಡರೂ ಗಡಿ ದಾಟಿಸಿ ಮಾರುವಾಗ ಗಂಟಲ ಮುಳ್ಳಾಗುತ್ತದೆ. ನಾನು ಹೊಸದಾಗಿ ಮಾಡಿಸುವವುಗಳಲ್ಲಿ ದಂತ ಬೇಡವೆನ್ನುತ್ತೇನೆ, ಯಾವ ಮರ ಬಳಸಿದ್ದಾರೆಂಬುದನ್ನು ರಸೀತಿಯಲ್ಲೇ ಬರೆಸಿಕೊಳ್ಳುತ್ತೇನೆ.

ಮಾರುವ ಖರ್ಚನ್ನು ಆರಂಭದಲ್ಲಿ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಧ್ಯವರ್ತಿಯ ಪಾಲು ಇದೆ, ಸಾಗಣೆ ಮತ್ತು ವಿಮೆ ಇವೆ. ಅಮೆರಿಕದಲ್ಲಿ ಸಂಗ್ರಹವಸ್ತುಗಳ ದೀರ್ಘಾವಧಿ ಲಾಭಕ್ಕೆ ತೆರಿಗೆಯ ಗರಿಷ್ಠ ದರ ಶೇಕಡ 28, ಷೇರುಗಳಿಗಾದರೆ 20. ಇದರ ಜೊತೆಗೆ, ಕಾರ್ಬನ್ ಫೈಬರ್ ಶಾಫ್ಟುಗಳು ಹರಡಿದ ಮೇಲೆ ಅನೇಕ ಆಟಗಾರರು ಬಟ್ಟನ್ನು ಮಾತ್ರ ಕೊಳ್ಳಲು ಬಯಸುತ್ತಾರೆ, ಕೆಲವು ಹೊಸ ತಯಾರಕರು ಹಾಗೆ ಮಾರುತ್ತಲೂ ಇದ್ದಾರೆ. ಆಟದ ದೃಷ್ಟಿಯಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ಶಾಫ್ಟಿಲ್ಲದ ಬಟ್ಟಿನಲ್ಲಿ ತಯಾರಕರ ಅರ್ಧ ಕೆಲಸವೇ ಇಲ್ಲವಾದ್ದರಿಂದ ಸಂಗ್ರಹಕ್ಕೆಂದು ನಾನು ಅಂಥದನ್ನು ಮುಟ್ಟುವುದಿಲ್ಲ.

ಇನ್ನೊಂದು ಅಲಿಖಿತ ಮರ್ಯಾದೆಯಿದೆ. ಕೈಸೇರಿದ ತಿಂಗಳಲ್ಲೇ ಲಾಭಕ್ಕೆ ಮಾರಿದವರ ಹೆಸರನ್ನು ತಯಾರಕರು ಮರೆಯುವುದಿಲ್ಲ, ಮುಂದಿನ ಸರದಿಯಲ್ಲಿ ಅದು ಕಾಣಿಸುವುದೂ ಇಲ್ಲ. ಆದ್ದರಿಂದ ಕಳೆದ ವರ್ಷ ಆ ನಾಲ್ಕು ಪಾಯಿಂಟಿನ ಕ್ಯೂವನ್ನು ಮಾರಲು ಮನಸ್ಸು ಮಾಡಿದಾಗ, ಹನ್ನೊಂದು ವರ್ಷ ಇಟ್ಟುಕೊಂಡಿದ್ದರೂ, ಮೊದಲು ಅದನ್ನು ಮಾಡಿದವರಿಗೇ ಹೇಳಿದೆ. ಆರಂಭದ ಕಾಲದ ತಮ್ಮ ಕೆಲಸ ಒಂದೂ ತಮ್ಮಲ್ಲಿ ಉಳಿದಿಲ್ಲವೆಂದು ಅವರೇ ಕೊಂಡರು, ಪೇಟೆಯ ದರಕ್ಕೇ. ನಾನು ಪೆಟ್ಟಿಗೆ ತೆರೆದುಕೊಟ್ಟಾಗ ಅವರು ಕನ್ನಡಕ ಹಣೆಗೇರಿಸಿ, ಬಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಹೋದರು. ಮೂರನೆಯ ಪಾಯಿಂಟಿನಲ್ಲಿ ಕೈ ನಿಂತಿತು. “ಇದು ಕೂದಲೆಳೆಯಷ್ಟು ಕೆಳಗಿದೆ. ಕೊಡುವಾಗಲೂ ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ,” ಎಂದರು. ನಾನೂ ಹತ್ತಿರ ಹೋಗಿ ನೋಡಿದೆ. ಅವರು ಉಗುರಿಟ್ಟು ತೋರಿಸುವವರೆಗೆ ನನಗದು ಕಾಣಿಸಲಿಲ್ಲ.