ಒಂದಕ್ಷರ ಹೆಚ್ಚಾದ ಕೊಟೇಶನ್

ಉಡುಪಿ, 2025 ಜೂನ್ 8, ಭಾನುವಾರ

ಮಣಿಪಾಲದಲ್ಲಿ ಓದುವ ಹುಡುಗನಿಗೆ ಗೇಮಿಂಗ್ ಪಿಸಿ ಬೇಕು. ಮಾನಿಟರ್ ಬಿಟ್ಟು ಬಜೆಟ್ 55 ಸಾವಿರ. ಮೇಜಿನ ಮೇಲೆ ಮೂರು ಕೊಟೇಶನ್ ಉಂಟು: ಒಂದು ಉಡುಪಿಯದು, ಒಂದು ಮಂಗಳೂರಿನದು, ಇನ್ನೊಂದು ಬೆಂಗಳೂರಿನ ಎಸ್.ಪಿ. ರೋಡಿನದು. ಮೊತ್ತ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ. ಒಳಗಿನ ಸಾಮಾನು ಹಾಗಲ್ಲ.

ಹುಡುಗನ ಮಾನಿಟರ್ 1080ಪಿ (ಪರದೆಯಲ್ಲಿ ಚುಕ್ಕಿಗಳ 1080 ಸಾಲು), 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ). ಲೆಕ್ಕ ಶುರುವಾಗುವುದು ಅಲ್ಲಿಂದ. 1080ಪಿ ಆದ್ದರಿಂದ 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಇನ್ನೂ ಸುಧಾರಿಸಬಹುದು, 1440ಪಿ ಆಗಿದ್ದರೆ 12 ಜಿಬಿಗಿಂತ ಕೆಳಗೆ ನೋಡುವುದೇ ಬೇಡ. ಆಡುವುದು ವ್ಯಾಲೊರೆಂಟ್, ಸಿಎಸ್2, ರಜೆಯಲ್ಲಿ ಸೈಬರ್‌ಪಂಕ್. ಮೊದಲಿನ ಎರಡು ಪ್ರೊಸೆಸರನ್ನು ತಿನ್ನುತ್ತವೆ, ಮೂರನೆಯದು ಕಾರ್ಡನ್ನು. 55ರಲ್ಲಿ 20ರಿಂದ 22 ಸಾವಿರ ಕಾರ್ಡಿಗೆ, ಅದರ ಅರ್ಧದಷ್ಟು ಪ್ರೊಸೆಸರಿಗೆ, ಉಳಿದದ್ದರಲ್ಲಿ ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸುವ ಡಬ್ಬಿ), ಕ್ಯಾಬಿನೆಟ್. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬಾರದು.

ಮೊದಲ ಕೊಟೇಶನ್: ರೈಜನ್ 5 5600ಜಿ ಪ್ರೊಸೆಸರ್, ಆರ್‌ಎಕ್ಸ್ 6600 ಕಾರ್ಡ್. ಈ ‘ಜಿ’ ಎಂದರೆ ಒಳಗೇ ಗ್ರಾಫಿಕ್ಸ್ ಉಂಟು ಎಂದು ಅರ್ಥ. ‘ಕಾರ್ಡ್ ಕೈಕೊಟ್ಟರೂ ಡಿಸ್‌ಪ್ಲೇ ಬರುತ್ತದೆ’ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಈ ಚಿಪ್ಪಿನಲ್ಲಿ ಬೇರೆ ಎರಡು ಕಡೆ ಕತ್ತರಿ ಬಿದ್ದಿದೆ. ಬರಿಯ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 32 ಎಂಬಿ, ಜಿಯಲ್ಲಿ 16. ಬರಿಯ 5600 ಪಿಸಿಐಇ 4.0 (ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿ) ಕೊಡುತ್ತದೆ, ಜಿ ಕೊಡುವುದು 3.0. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್ ಇರುವುದರಿಂದ ಕಾಗದದಲ್ಲಿ ಅಣ್ಣತಮ್ಮನ ಹಾಗೆ ಕಾಣುತ್ತವೆ. ವ್ಯಾಲೊರೆಂಟ್, ಸಿಎಸ್2ರಂಥ ಆಟಗಳಲ್ಲಿ ಕ್ಯಾಶ್ ಅರ್ಧ ಆದದ್ದು ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕದಲ್ಲಿ, ಅಂದರೆ ಎಫ್‌ಪಿಎಸ್‌ನಲ್ಲಿ ನೇರ ಕಾಣುತ್ತದೆ.

ಪಿಸಿಐಇ ವಿಷಯ ಇನ್ನೂ ಸೂಕ್ಷ್ಮ. ಆರ್‌ಎಕ್ಸ್ 6600ರ ಸ್ಲಾಟ್ ಕಚ್ಚು ಪೂರ್ತಿ ಉದ್ದ ಇದ್ದರೂ ಕೆಲಸ ಮಾಡುವ ಲೇನ್ ಎಂಟು ಮಾತ್ರ. 4.0ರಲ್ಲಿ ಎಂಟು ಲೇನ್ ಎಂದರೆ ಸೆಕೆಂಡಿಗೆ ಸುಮಾರು 16 ಜಿಬಿ, 3.0ಕ್ಕೆ ಇಳಿದರೆ 8. ಹೈವೇಯಿಂದ ಸರ್ವಿಸ್ ರೋಡಿಗೆ ಇಳಿದ ಹಾಗೆ. ವಾಹನ ಕಡಿಮೆ ಇದ್ದಾಗ ಗೊತ್ತಾಗುವುದಿಲ್ಲ. ಕಾರ್ಡಿನ 8 ಜಿಬಿ ತುಂಬಿ ಟೆಕ್ಸ್‌ಚರ್‌ಗಳು ರ್‍ಯಾಮಿನಿಂದ ಬರಲು ಶುರುವಾದಾಗ ಆಟ ಕುಂಟುತ್ತದೆ. ಇದೇ ಕಾರಣಕ್ಕೆ ನಾಲ್ಕೇ ಲೇನಿನ ಆರ್‌ಎಕ್ಸ್ 6500 ಎಕ್ಸ್‌ಟಿ, ಅದೂ 4 ಜಿಬಿಯದ್ದು, 5600ಜಿ ಜೊತೆ ಕೂತರೆ ದುಡ್ಡು ದಂಡ. ರೈಜನ್ 5 5500ಕ್ಕೂ ಇದೇ ಹಣೆಬರಹ: 16 ಎಂಬಿ, 3.0, ಮೇಲಾಗಿ ಗ್ರಾಫಿಕ್ಸೂ ಇಲ್ಲ. ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಕ್ಕಿದರೆ ಮಾತ್ರ.

ಈಗ ಪ್ರೊಸೆಸರ್, ಕಾರ್ಡ್ ಆರು ತಿಂಗಳ ನಂತರ ಎನ್ನುವವರೂ ಇದ್ದಾರೆ. ಅಷ್ಟರ ತನಕ ಸಣ್ಣಪುಟ್ಟ ಗೇಮ್ ಆಡಬೇಕಾದರೆ ಜಿ ಸರಿ. ಕಾಲೇಜಿನ ಕೆಲಸ ನಡೆದರೆ ಸಾಕು ಎನ್ನುವವರು ‘ಎಫ್’ (ಒಳಗೆ ಗ್ರಾಫಿಕ್ಸ್ ಇಲ್ಲ ಎಂಬ ಗುರುತು) ಇಲ್ಲದ ಇಂಟೆಲ್ ಐ5-12400 ತೆಗೆದುಕೊಳ್ಳಲಿ. ಡಿಸ್‌ಪ್ಲೇ ಬರುತ್ತದೆ, ನಾಳೆ ಕಾರ್ಡ್ ಹಾಕಿದಾಗ 3.0ರ ಖೋತವೂ ಇರುವುದಿಲ್ಲ.

ಎರಡನೆಯದು: ಐ5-12400ಎಫ್, ಎಚ್610 ಬೋರ್ಡ್, ‘ಆರ್‌ಟಿಎಕ್ಸ್ 3050’. ಪ್ರೊಸೆಸರ್ ಚೆನ್ನಾಗಿದೆ, ತಕರಾರಿಲ್ಲ. ಕಾರ್ಡಿನ ಸಾಲಿನಲ್ಲಿ ಎಷ್ಟು ಜಿಬಿ ಎಂದು ಬರೆದಿಲ್ಲ, ಎಡವಟ್ಟು ಅಲ್ಲೇ. 2022ರಲ್ಲಿ ಬಂದ 8 ಜಿಬಿಯ 3050ಯಲ್ಲಿ 2560 ಕೋರ್, 128 ಬಿಟ್ ಅಗಲದ ಮೆಮೊರಿ ದಾರಿ, 130 ವ್ಯಾಟ್. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿಯದ್ದರಲ್ಲಿ 2304 ಕೋರ್, 96 ಬಿಟ್, 70 ವ್ಯಾಟ್. ಹೆಸರು ಒಂದೇ, ಕಾರ್ಡ್ ಬೇರೆಯೇ. 6 ಜಿಬಿಯದ್ದಕ್ಕೆ ಪವರ್ ಕೇಬಲ್ ಬೇಡ ಎನ್ನುವುದೊಂದು ಗುಣ. ಆಫೀಸಿನ ಹಳೆ ಪಿಸಿಗೆ ಹಾಕಲು ಅದಕ್ಕಿಂತ ಸುಲಭದ್ದಿಲ್ಲ, ಹೊಸದಾಗಿ ಕಟ್ಟುವ ಪಿಸಿಗೆ ಅದು ಏಕೆ ಬೇಕು? ಬರಿಯ ಆಟಕ್ಕೆ 8 ಜಿಬಿಯ 3050ಗಿಂತಲೂ ಆರ್‌ಎಕ್ಸ್ 6600 ಮುಂದೆ. ಬ್ಲೆಂಡರ್, ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಎಂದು ಎನ್‌ವಿಡಿಯಾದ ಕ್ಯೂಡಾ (ಕಾರ್ಡಿನಲ್ಲೇ ಲೆಕ್ಕ ಮಾಡಿಸುವ ವ್ಯವಸ್ಥೆ) ಬೇಕೇಬೇಕು ಎನ್ನುವವರು ಸ್ವಲ್ಪ ದುಡ್ಡು ಕೂಡಿಸಿ ಆರ್‌ಟಿಎಕ್ಸ್ 4060 ನೋಡುವುದು ಒಳ್ಳೆಯದು. 115 ವ್ಯಾಟಿನ ತಣ್ಣಗಿನ ಕಾರ್ಡ್ ಅದು.

2025ರ ಜೂನ್ 5ರಂದು ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲೂ ಇದೇ ಆಟ: 8 ಜಿಬಿ, 16 ಜಿಬಿ, ಎರಡಕ್ಕೂ ಒಂದೇ ಹೆಸರು. ಈ ಬಜೆಟ್ಟಿಗೆ ಎರಡೂ ಮೇಲೆ. ಇಂಟೆಲ್‌ನ ಆರ್ಕ್ ಬಿ580ಯಲ್ಲಿ 12 ಜಿಬಿ ಸಿಗುತ್ತದೆ, ಆಸೆಯಾಗುವುದು ಸಹಜ. ಆದರೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರೊಸೆಸರಿನಿಂದ ಹೆಚ್ಚು ಕೆಲಸ ಕೇಳುತ್ತದೆ. 5600ರಂಥ ಪ್ರೊಸೆಸರ್ ಜೊತೆ ಕೆಲವು ಆಟಗಳಲ್ಲಿ ಕಾರ್ಡಿನ ಪೂರ್ತಿ ತಾಕತ್ತು ಹೊರಗೆ ಬರುವುದಿಲ್ಲ. ಬಯೋಸಿನಲ್ಲಿ (ಬೋರ್ಡಿನೊಳಗಿನ ಆರಂಭದ ತಂತ್ರಾಂಶ) ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರಿಗೆ ಒಟ್ಟಿಗೆ ತೆರೆಯುವ ಸೆಟ್ಟಿಂಗ್) ಆನ್ ಇಲ್ಲದಿದ್ದರೆ ಪೂರಾ ಮಕಾಡೆ. 190 ವ್ಯಾಟ್ ಬೇರೆ.

ಮೂರನೆಯದು, ಎಸ್.ಪಿ. ರೋಡಿನದು: 5600, ಬಿ550 ಬೋರ್ಡ್, ಆರ್‌ಎಕ್ಸ್ 6600. ಜೋಡಿ ಸರಿಯಾಗಿದೆ, ತಿದ್ದಬೇಕಾದದ್ದು ಸುತ್ತಲಿನದ್ದು. ರ್‍ಯಾಮ್ 16 ಜಿಬಿಯ ಒಂದೇ ಕಡ್ಡಿ ಹಾಕಿದ್ದಾರೆ. 8ರ ಎರಡು ಬೇಕು, ಇಲ್ಲದಿದ್ದರೆ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ) ಆಗಿ ಪ್ರೊಸೆಸರ್ ಹಸಿದು ಕೂರುತ್ತದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಬಯೋಸ್ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ್‍ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ, ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಅದು ಕಾಣುತ್ತದೆ.

ಬೋರ್ಡ್ ಹಳೆ ಸ್ಟಾಕ್ ಆಗಿದ್ದರೆ ಇನ್ನೊಂದು ತಾಪತ್ರಯ. ಬಿ550 ಬಂದದ್ದು 2020ರಲ್ಲಿ, 5600 ಬಂದದ್ದು 2022ರಲ್ಲಿ. ಆರಂಭದ ಬಯೋಸ್ ಇದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬೋರ್ಡ್ ಹೋಯಿತೆಂದು ವಾಪಸು ಕಳಿಸುವವರು ಇದ್ದಾರೆ! ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್ ಬಟನ್ ಇರುವ ಬೋರ್ಡನ್ನೇ ಕೇಳಬೇಕು. ಫ್ಯಾಟ್32 ಮಾಡಿದ ಪೆನ್‌ಡ್ರೈವ್ ಸಾಕು, ಹಳೆ ಪ್ರೊಸೆಸರ್ ಹುಡುಕುವ ಕೆಲಸ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ತೆರೆಯಲು ಬಯೋಸಿನಲ್ಲಿ ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗೂ ಆನ್ ಇರಬೇಕು. ಡಿಸ್ಕಿನ ಹಂಚಿಕೆ ಜಿಪಿಟಿ ಮಾದರಿಯಲ್ಲಿರಲಿ.

ವಿದ್ಯುತ್ತಿನ ಲೆಕ್ಕ ಸುಲಭ. ಕಾರ್ಡ್ 132 ವ್ಯಾಟ್, ಪ್ರೊಸೆಸರ್ ಹೆಚ್ಚೆಂದರೆ 76, ಉಳಿದದ್ದಕ್ಕೆ 50. ಒಟ್ಟು 260ರ ಆಸುಪಾಸು. 550 ವ್ಯಾಟಿನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಧಾರಾಳ ಆಯಿತು. ಎರಡನೆಯ ಕೊಟೇಶನ್ನಿನಲ್ಲಿ ಕಂಪನಿಯ ಹೆಸರೇ ಇಲ್ಲದೆ ‘500 ವ್ಯಾಟ್ ಎಸ್‌ಎಂಪಿಎಸ್’ ಎಂದು ಬರೆದದ್ದು ಉಂಟಲ್ಲ, ಅಂಥದ್ದು ನಮ್ಮ ಕರಾವಳಿಗೆ ಆಗದು. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಪೇಟೆಯಲ್ಲಿ ಹೆಚ್ಚು ಓಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ತಾಳುವುದು 360 ವ್ಯಾಟ್. ಮಾನಿಟರ್ ಸೇರಿದರೆ ಅಂಚಿಗೆ ಬಂತು, 1000 ವಿಎ ಇರಲಿ. ಗುಡುಗಿನ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು, ಲ್ಯಾನ್ ಕೇಬಲನ್ನೂ ಕೀಳಬೇಕು. ಎಷ್ಟೋ ಬೋರ್ಡುಗಳು ಸುಡುವುದು ಲ್ಯಾನ್ ದಾರಿಯಿಂದಲೇ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಮಾತೂ ಬಂದಿತ್ತು. ಮಲ್ಪೆ, ಪಣಂಬೂರು ಕಡೆಯ ಮನೆಯಿಂದ ಬಂದದ್ದಾದರೆ ಮೊದಲು ಬ್ರ್ಯಾಕೆಟ್ಟಿನ ಸ್ಕ್ರೂ ನೋಡಬೇಕು. ಅಲ್ಲಿ ತುಕ್ಕು, ತಾಮ್ರದ ಪೈಪಿನಲ್ಲಿ ಹಸಿರು ಕಂಡರೆ ಉಪ್ಪುಗಾಳಿ ಒಳಗೂ ಹೊಕ್ಕಿದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದರೆ ಹೆಸರು ಬದಲಿಸಿದ ನಕಲಿ ಕಾರ್ಡ್ ಸಿಕ್ಕಿಬೀಳುತ್ತದೆ. ಹದಿನೈದು ನಿಮಿಷ ಲೋಡ್ ಕೊಟ್ಟು, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಕಾರ್ಡಿನ ಸಾಮಾನ್ಯ ತಾಪಮಾನಕ್ಕಿಂತ 30 ಡಿಗ್ರಿ ಮೇಲೆ ಹೋದರೆ ಬಿಸಿ ಸಾಗಿಸುವ ಪೇಸ್ಟ್ ಒಣಗಿದೆ ಎಂದೇ ಲೆಕ್ಕ. ಮೈನಿಂಗ್‌ನಿಂದ ಇಳಿದ ಆರ್‌ಎಕ್ಸ್ 580 ಅಗ್ಗ ಹೌದು, ಆದರೆ 2023ರಿಂದ ಅದರ ಡ್ರೈವರನ್ನು ಎಎಂಡಿ ಹೊಸ ಕಾರ್ಡುಗಳದ್ದರಿಂದ ಬೇರ್ಪಡಿಸಿ ಬೇರೆ ಕವಲಿಗೆ ಹಾಕಿದೆ.

ಬೆಂಗಳೂರಿಗೆ ಕಳಿಸಿದ ತಿದ್ದುಪಡಿ: ರ್‍ಯಾಮ್ 8×2, ಫ್ಲ್ಯಾಶ್ ಬಟನ್ ಇರುವ ಬೋರ್ಡ್, ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಸೀರಿಯಲ್ ನಂಬರ್. ಬಸ್ಸಿನಲ್ಲಿ ಪಾರ್ಸೆಲ್ ಹಾಕುವಾಗ ಕಾರ್ಡನ್ನು ಸ್ಲಾಟಿನಿಂದ ತೆಗೆದು ಅದರ ಡಬ್ಬಿಯಲ್ಲೇ ಇಡಬೇಕು. ಘಾಟಿಯ ಹೊಂಡಕ್ಕೆ ಕಾರ್ಡ್ ಜಗ್ಗಿ ಸ್ಲಾಟ್ ಕಿತ್ತು ಬರುತ್ತದೆ. ಹುಡುಗನಿಗೆ ಎರಡು ಮಾತು: ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಇದ್ದದ್ದನ್ನು 144 ಮಾಡಿಕೊಳ್ಳಬೇಕು.