ಮ್ಯಾನ್‌ಹೋಲ್‌ನಿಂದ ತೆಗೆದ ಒಂದು ಬಾಟಲಿ ಕಾರ್ಬನ್

ದ್ರಾವಕಗಳ ಆವಿಯನ್ನು ಹಿಡಿದಿಡುವ ಆಕ್ಟಿವೇಟೆಡ್ ಕಾರ್ಬನ್ ಟ್ಯಾಂಕುಗಳ ಹೊಣೆ ಹೊತ್ತ ಮೊದಲ ವರ್ಷಗಳಲ್ಲಿ, ಬಳಸಿ ಮುಗಿದ ಕಾರ್ಬನ್ನನ್ನು ರೀಆಕ್ಟಿವೇಶನ್‌ಗೆ, ಅಂದರೆ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಳಸುವಂತೆ ಮಾಡುವವರಿಗೆ, ಕಳುಹಿಸುವ ಮುನ್ನ ಮಾದರಿ ತೆಗೆಯುವುದು ನನಗೆ ಅರ್ಧ ಗಂಟೆಯ ಕೆಲಸವಾಗಿತ್ತು. ಟ್ಯಾಂಕಿನ ಮೇಲಿನ ಮ್ಯಾನ್‌ಹೋಲ್ ತೆರೆದು, ಕೈಗೆಟುಕಿದಲ್ಲಿಂದ ಒಂದು ಬಾಟಲಿ ತುಂಬಿಸಿ, ಲೇಬಲ್ ಅಂಟಿಸಿ ಪ್ರಯೋಗಾಲಯಕ್ಕೆ ಕೊಡುತ್ತಿದ್ದೆ. ಒಮ್ಮೆ ಹಾಗೆ ಕೊಟ್ಟ ಮಾದರಿ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು, ಕುಲುಮೆಯವರ ಒಪ್ಪಿಗೆ ಬಂತು, ಲಾರಿಯೂ ಹೊರಟಿತು. ಆದರೆ ಅಲ್ಲಿ ಡ್ರಮ್ಮುಗಳನ್ನು ತೆರೆದು ಅವರು ತಾವೇ ಮಾದರಿ ತೆಗೆದು ನೋಡಿದಾಗ ಕ್ಲೋರಿನ್ ಪ್ರಮಾಣ ನಾವು ಬರೆದುಕೊಟ್ಟದ್ದಕ್ಕಿಂತ ಎಷ್ಟೋ ಮೇಲಿತ್ತು. ಇಡೀ ಲೋಡ್ ವಾಪಸು ಬಂತು.

ಪ್ರಯೋಗಾಲಯದ ವರದಿ ತಪ್ಪಾಗಿರಲಿಲ್ಲ. ನಾನು ಕೊಟ್ಟ ಬಾಟಲಿಯ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ನಮ್ಮ ಟ್ಯಾಂಕಿನಲ್ಲಿ ಆವಿ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುತ್ತದೆ. ಕೆಳಗಿನ ಪದರ ಮೊದಲು ತುಂಬಿ, ಆ ತುಂಬುವಿಕೆ ನಿಧಾನವಾಗಿ ಮೇಲಕ್ಕೆ ಸಾಗುತ್ತದೆ. ಹೊರಹೋಗುವ ಗಾಳಿಯಲ್ಲಿ ದ್ರಾವಕ ಕಾಣಿಸಿಕೊಳ್ಳತೊಡಗಿದ ಕೂಡಲೇ ಕಾರ್ಬನ್ ಬದಲಾಯಿಸುತ್ತೇವಾದ್ದರಿಂದ ಮೇಲಿನ ಪದರವೇ ಎಲ್ಲಕ್ಕಿಂತ ಕಡಿಮೆ ಬಳಕೆಯಾದ ಭಾಗ. ಅಷ್ಟೇ ಅಲ್ಲ, ಕಾರ್ಬನ್ನಿಗೆ ಗಟ್ಟಿಯಾಗಿ ಅಂಟುವ ದ್ರಾವಕವು ಸಡಿಲವಾಗಿ ಅಂಟಿದ್ದನ್ನು ಮುಂದಕ್ಕೆ ತಳ್ಳುವುದರಿಂದ, ಒಂದೇ ಟ್ಯಾಂಕಿನ ಬೇರೆ ಬೇರೆ ಎತ್ತರಗಳಲ್ಲಿ ಬೇರೆ ಬೇರೆ ದ್ರಾವಕಗಳು ನೆಲೆಸಿರುತ್ತವೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಕ್ಲೋರಿನ್ ಇರುವ ದ್ರಾವಕವಾದ ಪರ್ಕ್ಲೋರೋಎಥಿಲೀನ್ ಹೀಗೆ ಗಟ್ಟಿಯಾಗಿ ಅಂಟುವ ಜಾತಿಯದು, ಅದು ತಳದಲ್ಲೇ ಉಳಿದಿತ್ತು. ಲಾಗ್ ಪುಸ್ತಕವನ್ನು ತಿರುವಿ ನೋಡಿದಾಗ, ಲೋಹದ ಭಾಗಗಳ ಜಿಡ್ಡು ತೊಳೆಯುವ ಒಂದು ತೊಟ್ಟಿಯ ಆವಿಯನ್ನು ಎರಡು ತಿಂಗಳ ಹಿಂದೆ ನಮ್ಮ ಕೊಳವೆಗೇ ಜೋಡಿಸಿದ್ದ ವಿಷಯ ಒಂದು ಸಾಲಿನಲ್ಲಿ ಬರೆದಿತ್ತು. ಕುಲುಮೆಯವರ ನಮೂನೆಯಲ್ಲಿ ಕಾರ್ಬನ್ ಯಾವುದಕ್ಕೆ ಬಳಕೆಯಾಗಿದೆ ಎಂದು ಕೇಳಿದ ಕಡೆ ನಾನು ಹಿಂದಿನ ಸಲದ ಉತ್ತರವನ್ನೇ ನಕಲು ಮಾಡಿದ್ದೆ.

ಕುಲುಮೆಯವರು ಕ್ಲೋರಿನ್ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ. ಸುಮಾರು 800ರಿಂದ 950 ಡಿಗ್ರಿಯಲ್ಲಿ ಹಬೆಯೊಡನೆ ಕಾಯಿಸುವಾಗ ಕಾರ್ಬನ್ನಿನಿಂದ ಹೊರಬಿದ್ದ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊಗೆಯೊಡನೆ ಹೊರಡುತ್ತದೆ. ಅದನ್ನು ತೊಳೆದು ತೆಗೆಯುವ ಸ್ಕ್ರಬ್ಬರ್‌ಗೆ ಒಂದು ಮಿತಿ ಇರುತ್ತದೆ. ಫ್ಲೋರಿನ್ ಇದ್ದರೆ ಅದರಿಂದ ಹುಟ್ಟುವ ಆಮ್ಲ ಕುಲುಮೆಯ ಇಟ್ಟಿಗೆಯನ್ನೇ ತಿನ್ನುತ್ತದೆ. 357 ಡಿಗ್ರಿಯಲ್ಲೇ ಕುದಿಯುವ ಪಾದರಸ ಆವಿಯಾಗಿ ಚಿಮಣಿಯ ಕಡೆಗೆ ಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಾದರೆ ಬೂದಿ ಕಡಿಮೆ ತಾಪದಲ್ಲೇ ಕರಗಿ ಇಟ್ಟಿಗೆಗೆ ಅಂಟಿಕೊಳ್ಳುತ್ತದೆ.

ನೀರಿನ ಶುದ್ಧೀಕರಣದಿಂದ ಬಂದ ಕಾರ್ಬನ್ನಿನಲ್ಲಿ ನಾನು ಮೊದಲು ಹುಡುಕುವುದು ಕ್ಯಾಲ್ಸಿಯಂ. ತೊಳೆದು ಒಣಗಿಸಿದ ಹರಳುಗಳನ್ನು ಗಾಜಿನ ತಟ್ಟೆಯಲ್ಲಿ ಹರಡಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಯೊಂದನ್ನು ಬಿಟ್ಟರೆ, ಸುಣ್ಣದ ಪದರ ಕಟ್ಟಿದ ಹರಳುಗಳ ಮೈಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಸೈನೈಡ್ ಅಥವಾ ಸಲ್ಫೈಡ್ ಇರಬಹುದೆಂಬ ಅನುಮಾನ ಲವಲೇಶವಾದರೂ ಇದ್ದಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು, ಆಮ್ಲ ತಗುಲಿದರೆ ಪ್ರಾಣಾಂತಿಕ ಅನಿಲ ಹೊರಡುತ್ತದೆ. ಕ್ಯಾಲ್ಸಿಯಂ ಕುಲುಮೆಯಲ್ಲಿ ಸುಟ್ಟುಹೋಗುವುದಿಲ್ಲ. ಹರಳಿನೊಳಗೇ ಉಳಿದು, ಹಬೆಯು ಕಾರ್ಬನ್ನನ್ನು ತಿನ್ನುವ ವೇಗವನ್ನು ಹೆಚ್ಚಿಸಿ, ಸಣ್ಣ ರಂಧ್ರಗಳನ್ನು ಅಗಲ ಮಾಡಿ ಹರಳನ್ನು ದುರ್ಬಲಗೊಳಿಸುತ್ತದೆ.

ಅಯೋಡಿನ್ ಸಂಖ್ಯೆಯನ್ನು, ಅಂದರೆ ಕಾರ್ಬನ್ ಎಷ್ಟು ಅಯೋಡಿನ್ ಹೀರಬಲ್ಲದು ಎಂಬ ಅಳತೆಯನ್ನು, ಎಲ್ಲರೂ ಮೊದಲು ಕೇಳುತ್ತಾರೆ. ಕಾರ್ಬನ್ನಿನ ಸಾಮರ್ಥ್ಯ ಎಷ್ಟು ಉಳಿದಿದೆ ಎಂಬ ಅಂದಾಜನ್ನು ಅದು ಕೊಡಬಹುದು, ಆದರೆ ಅದನ್ನು ಕುಲುಮೆಗೆ ಹಾಕಬಹುದೇ ಎಂಬುದನ್ನು ಹೇಳಲಾರದು. ಮೇಲಾಗಿ, ಒಳಗೆ ಉಳಿದ ಆವಿಶೀಲ ವಸ್ತುಗಳು ಮತ್ತು ಗಂಧಕ ಆ ಸಂಖ್ಯೆಯನ್ನೇ ಏರುಪೇರು ಮಾಡುತ್ತವೆ. ನನ್ನ ಮಟ್ಟಿಗೆ ಬೂದಿ, ತೇವಾಂಶ, ಸಾಂದ್ರತೆ, ಹ್ಯಾಲೋಜನ್ (ಕ್ಲೋರಿನ್, ಫ್ಲೋರಿನ್ ಮುಂತಾದವು), ಗಂಧಕ, ಭಾರ ಲೋಹಗಳು, ಬೆಂಕಿ ಹತ್ತಿಕೊಳ್ಳುವ ಗುಣ, ಇವೆಲ್ಲ ಆದಮೇಲೆ ಅಯೋಡಿನ್ ಸಂಖ್ಯೆಯ ಸರದಿ.

ಈಗ ಒಂದೊಂದು ಟ್ಯಾಂಕಿನ ಮಾದರಿಗೆ ಅರ್ಧ ದಿನ ಹಿಡಿಯುತ್ತದೆ. ಮುಚ್ಚಳ ತೆರೆಯುವ ಮೊದಲು ಒಳಗಿನ ತಾಪ ಮತ್ತು ಕಾರ್ಬನ್ ಮೊನಾಕ್ಸೈಡ್ ಅಳೆಯುತ್ತೇವೆ, ಏಕೆಂದರೆ ಕೀಟೋನ್ ಜಾತಿಯ ದ್ರಾವಕ ಹೀರಿದ ಕಾರ್ಬನ್ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಒದ್ದೆ ಕಾರ್ಬನ್ ಸುತ್ತಲಿನ ಗಾಳಿಯ ಆಮ್ಲಜನಕವನ್ನು ಹೀರಿಬಿಡುವುದರಿಂದ ಮ್ಯಾನ್‌ಹೋಲ್‌ನೊಳಗೆ ತಲೆ ಹಾಕಲು ಯಾರಿಗೂ ಬಿಡುವುದಿಲ್ಲ. ಉದ್ದದ ಮಾದರಿ ಕೊಳವೆಯನ್ನು ಹೊರಗಿನಿಂದಲೇ ಇಳಿಸಿ ತಳ, ನಡು, ಮೇಲು ಮೂರೂ ಕಡೆಯಿಂದ ತೆಗೆಯುತ್ತೇವೆ. ಲೋಹ ಮತ್ತು ಬೂದಿಯ ಪರೀಕ್ಷೆಗೆ ಮೂರನ್ನೂ ಬೆರೆಸುವುದುಂಟು. ದ್ರಾವಕಗಳ ಪರೀಕ್ಷೆಗೆ ಮಾತ್ರ ಬೆರೆಸುವುದಿಲ್ಲ, ತಟ್ಟೆಯಲ್ಲಿ ಹರಡಿ ಕಲೆಸುವಷ್ಟರಲ್ಲಿ ಅಳೆಯಬೇಕಾದದ್ದರ ಒಂದಿಷ್ಟು ಪಾಲು ಗಾಳಿಗೆ ಹಾರಿಹೋಗುತ್ತದೆ. ಕೊಳವೆಯಿಂದ ನೇರವಾಗಿ ಜಾಡಿಗೆ, ಕಂಠದವರೆಗೆ ತುಂಬಿಸಿ, ತಂಪಿನಲ್ಲಿಟ್ಟು ಕಳುಹಿಸುತ್ತೇವೆ. ಇನ್ನೊಂದು ಜಾಡಿ, ಕುಲುಮೆಯವರು ಲೋಡ್ ಇಳಿಸಿಕೊಂಡೆವೆಂದು ಬರೆದು ತಿಳಿಸುವವರೆಗೆ ನಮ್ಮಲ್ಲೇ ಇರುತ್ತದೆ.

ವಾಪಸು ಬಂದ ಆ ಡ್ರಮ್ಮುಗಳಿಂದ ಹೊಸದಾಗಿ ಮಾದರಿ ತೆಗೆದು, ತೊಟ್ಟಿಯ ವಿಷಯವನ್ನು ನಮೂನೆಯಲ್ಲಿ ಸ್ಪಷ್ಟವಾಗಿ ಬರೆದು, ಹೆಚ್ಚು ಕ್ಲೋರಿನ್ನನ್ನು ತೊಳೆಯಬಲ್ಲ ಸ್ಕ್ರಬ್ಬರ್ ಇದ್ದ ಮತ್ತೊಂದು ಕುಲುಮೆಗೆ ಕಳುಹಿಸಿದೆವು. ಅಲ್ಲಿ ಅವರು ತೆಗೆದ ಮಾದರಿಯ ಅಂಕಿಗಳು ನಮ್ಮವಕ್ಕೆ ಹೊಂದಿಕೆಯಾದವು, ಕಾರ್ಬನ್ ಕುಲುಮೆಗೆ ಹೋಯಿತು.